ಬಣ್ಣದ ಮೇಲಣ ಹನಿ

ಕಲೆಯಿಲ್ಲದ ವಸ್ತುವನ್ನು ಬಯಸುವುದು ಮನುಷ್ಯನ ಸಹಜ ಗುಣ. ಮಡಿ ಮಾಡಿದ ಧೋತರದ ಮೇಲೆ ಒಂದು ತೊಟ್ಟು ಸಾರು ಬಿದ್ದರೆ ಊಟದ ರುಚಿಯೇ ಕೆಟ್ಟುಹೋಗುತ್ತದೆ. ಸುಣ್ಣ ಬಳಿದ ಗೋಡೆಯ ಮೇಲೆ ಮೊಮ್ಮಗ ಇದ್ದಿಲಿನ ಗೆರೆ ಎಳೆದರೆ ಮನೆಯಲ್ಲಿ ಎಷ್ಟು ಚೆಲುವಿದ್ದರೂ ಕಣ್ಣು ಆ ಗೆರೆಯ ಮೇಲೆಯೇ ನಿಲ್ಲುತ್ತದೆ. ಆದರೆ ಕಲೆ ತೆಗೆಯುವ ಅವಸರದಲ್ಲಿ ಕಲೆಗಿಂತ ದೊಡ್ಡ ಗಾಯ ಮಾಡಿ, ಆ ಗಾಯವನ್ನು ಮುಚ್ಚಲು ಇನ್ನೂ ದೊಡ್ಡ ತಪ್ಪು ಮಾಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವರಲ್ಲಿ ನಾನೂ ಒಬ್ಬನೆಂಬುದನ್ನು ಶರಣ ಬಂಧುಗಳ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೇ ಈ ಬರಹ.

ಮೂವತ್ತೊಂದು ವರ್ಷ ಹುಬ್ಬಳ್ಳಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಮಗ ನೌಕರಿಗೆ ಸೇರಿದ ಮೇಲೆ ತಂದೆತಾಯಿಗಳಿಗೆಂದು ಕಡುನೀಲಿ ಬಣ್ಣದ ಒಂದು ಚಿಕ್ಕ ಕಾರನ್ನು ಕೊಡಿಸಿದ. ಬಿಸಿಲಿನಲ್ಲಿ ನಿಂತರೆ ಅದರ ನೀಲಿಯೊಳಗೆ ಬೆಳ್ಳಿಯ ಪುಡಿ ಚೆಲ್ಲಿದಂತೆ ಮಿನುಗುತ್ತಿತ್ತು. ದಿನವೂ ಬೆಳಗಿನ ಲಿಂಗಪೂಜೆ ಮುಗಿಸಿ, ಒಣಬಟ್ಟೆಯೊಂದನ್ನು ಹಿಡಿದು ಅದರ ಧೂಳನ್ನು ಒರೆಸುವುದು ನನ್ನ ನಿತ್ಯವ್ರತವಾಗಿತ್ತು. ಈ ವ್ರತವೇ ಕಾರಿಗೆ ನಾನು ಮಾಡುತ್ತಿದ್ದ ಮೊದಲನೆಯ ಅಪಚಾರವೆಂಬುದು ಆಗ ತಿಳಿದಿರಲಿಲ್ಲ. ಅದನ್ನು ಮುಂದೆ ಹೇಳುವೆ.

೨೦೨೪ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವು ವಿಶ್ವಗುರು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತಷ್ಟೆ. ಆ ವರ್ಷ ಮೇ ೧೦ರಂದು ಬಂದ ಬಸವ ಜಯಂತಿಗೆ ನಮ್ಮ ಓಣಿಯ ಬಂಧುಗಳಲ್ಲಿ ಎಂದಿಲ್ಲದ ಉತ್ಸಾಹ. ಮೆರವಣಿಗೆಯಲ್ಲಿ ನಡೆಯಲಾರದ ಹಿರಿಯ ತಾಯಂದಿರನ್ನು ನನ್ನ ಕಾರಿನಲ್ಲಿ ಕೂಡಿಸಿಕೊಂಡು ಬರಬೇಕೆಂದು ನಿಶ್ಚಯವಾಗಿತ್ತು. ಅದಕ್ಕೆ ಮೂರು ವಾರ ಮುಂಚೆ, ಸಂತೆಯ ದಾರಿಯಲ್ಲಿ ಆಟೋರಿಕ್ಷಾವೊಂದು ಎಡಗಡೆಯ ಹಿಂಬಾಗಿಲನ್ನು ಉಜ್ಜಿಕೊಂಡು ಹೋಯಿತು. ತಗಡು ತಗ್ಗಾಗಿ, ಬಣ್ಣ ಕಿತ್ತುಬಂದಿತು. ಟಿಂಕರಿಂಗ್ ಮತ್ತು ಪೇಂಟಿಂಗ್ ಮಾಡುವ ಒಂದು ಸಣ್ಣ ಗ್ಯಾರೇಜಿಗೆ ಒಯ್ದು ಬಿಟ್ಟೆ. ಅಲ್ಲಿ ಬಣ್ಣ ಹೊಡೆಯುವವನು ಇಪ್ಪತ್ತೆರಡು ವರ್ಷದ ಹುಡುಗ. ಆರು ದಿನಗಳಲ್ಲಿ ಬಾಗಿಲು ಮೊದಲಿನಂತಾಗಿತ್ತು. ಆದರೆ ಹಿಡಿಕೆಯ ಕೆಳಗೆ, ಕಣ್ಣೀರು ಹರಿದು ಅಲ್ಲಿಯೇ ಹೆಪ್ಪುಗಟ್ಟಿದಂತೆ, ಒಂದು ಅಂಗುಲ ಉದ್ದದ ಹನಿಯೊಂದು ನಿಂತಿತ್ತು. ನಾನು ಕಾಣುವ ಮೊದಲೇ ಆ ಹುಡುಗ ಅದನ್ನು ತೋರಿಸಿದ.

"ಸರ, ಇಲ್ಲಿ ಕ್ಲಿಯರ್ ಸ್ವಲ್ಪ ಇಳದೈತ್ರಿ. ನನ್ನ ಕೈಲೇ ಆದ ತಪ್ಪು. ಈಗ ಮುಟ್ಟಬಾರದ್ರಿ. ದಪ್ಪ ಇದ್ದಲ್ಲಿ ಒಳಗ ಇನ್ನೂ ಹಸಿ ಇರ್ತೈತಿ. ಜಯಂತಿ ಆದ ಮ್ಯಾಲ ತಗೊಂಡು ಬರ್ರಿ, ಕಾಣದಂಗ ಮಾಡಿಕೊಡ್ತೀನಿ" ಎಂದ.

ಅವನ ಮಾತಿನಲ್ಲಿ ಎರಡು ಸಂಗತಿಗಳಿದ್ದವು. ಒಂದು, ತಪ್ಪು ತನ್ನದೆಂಬ ಒಪ್ಪಿಗೆ. ಎರಡು, ಕಾಯಬೇಕೆಂಬ ಬುದ್ಧಿವಾದ. ನಾನು ಎರಡನ್ನೂ ಕೇಳಿದೆ, ಒಂದನ್ನೂ ಕಲಿಯಲಿಲ್ಲ.

ಮನೆಗೆ ಬಂದ ಮೇಲೆ ಆ ಹನಿ ನನ್ನನ್ನು ಕಾಡತೊಡಗಿತು. ಹೋಗಿ ಬಂದವರೆಲ್ಲರೂ ಅದನ್ನೇ ನೋಡುತ್ತಿರುವರೆಂದು ಭಾಸವಾಗುತ್ತಿತ್ತು. ಮೂರನೆಯ ದಿನ ನನ್ನ ಬಾಲ್ಯದ ನೆನಪೊಂದು ಮೋಸ ಮಾಡಿತು. ನಮ್ಮ ಸೋದರಮಾವನವರ ಬಳಿ ಒಂದು ಅಂಬಾಸಿಡರ್ ಕಾರಿತ್ತು. ಬಣ್ಣ ಮಾಸಿದಾಗಲೆಲ್ಲ ಅವರು ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಿಕ್ಕುತ್ತಿದ್ದರು. ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು, ಕಾರು ಮಾತ್ರ ಫಳಫಳಿಸುತ್ತಿತ್ತು. "ಇದೇನು ಮಹಾ ವಿದ್ಯೆ!" ಎಂದುಕೊಂಡು ಹಾರ್ಡ್‌ವೇರ್ ಅಂಗಡಿಯಿಂದ ವಾಟರ್ ಪೇಪರ್ ತಂದೆ. ಅಂಗಡಿಯವನು ಕೊಟ್ಟದ್ದು ೪೦೦ನೆಯ ನಂಬರಿನದು. ನಂಬರಿಗೂ ಕೆಲಸಕ್ಕೂ ಏನು ಸಂಬಂಧವೆಂದು ನಾನು ಕೇಳಲಿಲ್ಲ.

ನೀರು ಹನಿಸಿ, ಕಾಗದವನ್ನು ಬೆರಳುಗಳಿಂದಲೇ ಒತ್ತಿ ಉಜ್ಜಿದೆ. ಹಾಲಿನಂತಹ ಬಿಳಿಯ ನೀರು ಇಳಿಯಿತು, ಹನಿ ಕರಗುತ್ತ ಬಂದಿತು. ಅಲ್ಲಿಗೇ ನಿಲ್ಲಿಸಿದ್ದರೆ ಇಷ್ಟು ಅನರ್ಥವಾಗುತ್ತಿರಲಿಲ್ಲ. ಸುತ್ತಲೂ ಸಮವಾಗಲೆಂದು ಬಾಗಿಲಿನ ನಡುವೆ ಎದ್ದು ನಿಂತ ಏಣಿನವರೆಗೂ ಉಜ್ಜಿದೆ. ನೀರು ನೀಲಿಯಾಯಿತು. ಮಾವನವರ ಅಂಬಾಸಿಡರಿನ ನೆನಪಿದ್ದ ನನಗೆ ಅದು ಭಯದ ಸೂಚನೆಯೆಂದು ತೋರಲಿಲ್ಲ. ಬಟ್ಟೆಯಿಂದ ಒರೆಸಿ ನೋಡಿದರೆ, ಏಣಿನ ಉದ್ದಕ್ಕೂ ನಾಲ್ಕು ಬೆರಳಗಲದ ಬೂದು ಬಣ್ಣದ ಗಾಯ ಬಾಯಿ ತೆರೆದಿತ್ತು.

ಇಲ್ಲಿ ನಾನು ತಿಳಿಯದಿದ್ದ ವಿಷಯವನ್ನು ಹೇಳಬೇಕು. ಆ ಹಳೆಯ ಕಾರುಗಳ ಬಣ್ಣದಲ್ಲಿ ವರ್ಣವೂ ಹೊಳಪೂ ಒಂದೇ ಪದರದಲ್ಲಿದ್ದವು. ಉಜ್ಜಿದರೆ ಬಟ್ಟೆಗೆ ಬಣ್ಣ ಹತ್ತುವುದು ಸಹಜ. ಈಗಿನ ಕಾರುಗಳ ರೀತಿ ಬೇರೆ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ತೆಳುವಾದ ವರ್ಣದ ಪದರ. ಈ ವರ್ಣಕ್ಕೆ ತನ್ನದೆಂಬ ಹೊಳಪಿಲ್ಲ. ಎಲ್ಲದರ ಮೇಲೆ ಗಾಜಿನಂತೆ ಪಾರದರ್ಶಕವಾದ ಇನ್ನೊಂದು ಲೇಪವಿರುತ್ತದೆ. ಅದನ್ನೇ ಕ್ಲಿಯರ್ ಕೋಟ್ ಎನ್ನುತ್ತಾರೆ. ಹೊಳಪು ಅದರದು, ಮಳೆಬಿಸಿಲುಗಳನ್ನು ತಡೆಯುವ ಕೆಲಸವೂ ಅದರದೇ. ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರುವ ದ್ರವ್ಯವನ್ನು ಅದರಲ್ಲಿಯೇ ಬೆರೆಸಿರುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗವು ಒಂದು ಮೈಕ್ರಾನ್. ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ಈ ಪಾರದರ್ಶಕ ಲೇಪದ ದಪ್ಪ ಸಾಮಾನ್ಯವಾಗಿ ೪೦ರಿಂದ ೫೦ ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತಲೂ ತೆಳು. ಅಷ್ಟು ಸೂಕ್ಷ್ಮವಾದ ಹೊದಿಕೆಯನ್ನು ನಾನು ಪಾತ್ರೆಯ ತಳ ತಿಕ್ಕುವಂತೆ ತಿಕ್ಕಿದ್ದೆ. ಏಣು ಮತ್ತು ಅಂಚುಗಳಲ್ಲಿ ಒತ್ತಡವೆಲ್ಲ ಒಂದೇ ಗೆರೆಯ ಮೇಲೆ ಬೀಳುವುದರಿಂದ ಅಲ್ಲಿ ಲೇಪವು ಬೇಗನೆ ಸವೆದುಹೋಗುತ್ತದೆ.

ಮರುದಿನ ಕಾರನ್ನು ಗ್ಯಾರೇಜಿಗೆ ಒಯ್ದೆ. ಗ್ಯಾರೇಜಿನ ಯಜಮಾನರು "ಏನಾತ್ರಿ ಸರ?" ಎಂದು ಕೇಳಿದರು. ನಾನು ಏನು ಹೇಳಿದೆನೆಂದು ಬರೆಯಲು ಇಂದಿಗೂ ಲೇಖನಿ ಹಿಂಜರಿಯುತ್ತದೆ. "ನೀರು ಹಾಕಿ ತೊಳೆದೆ, ಬಣ್ಣ ತಾನೇ ಎದ್ದುಬಂದಿತು" ಎಂದೆ.

ಯಜಮಾನರು ಹುಡುಗನನ್ನು ಎಲ್ಲರೆದುರಿಗೆ ಕರೆದು ಬೈದರು. ಎರಡು ದಿನದ ಪಗಾರ ಹಿಡಿಯುವೆನೆಂದರು. ಹುಡುಗ ಬಾಗಿಲಿನ ಮುಂದೆ ಕುಳಿತು, ಗಾಯದ ಸುತ್ತ ಬೆರಳಾಡಿಸಿ, ಒಮ್ಮೆ ನನ್ನ ಮುಖವನ್ನು ನೋಡಿದ. ಏನೋ ಹೇಳುವನೆಂದು ನನ್ನ ಎದೆ ಹೊಡೆದುಕೊಂಡಿತು. ಅವನು ತಲೆ ತಗ್ಗಿಸಿ, "ಆತ್ರಿ, ಮತ್ತ ಮಾಡ್ತೀನಿ" ಎಂದಷ್ಟೇ ನುಡಿದ.

ಸಂಜೆ ಮನೆಯಲ್ಲಿ ನಡೆದದ್ದನ್ನು ಹೇಳಿದೆ. ನಮ್ಮ ಮನೆಯವರು ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಿ ಕೇಳಿದರು: "ಆ ಹುಡುಗ ತನ್ನ ತಪ್ಪು ತಾನ ಹೇಳಿದ್ದ. ನೀವು ನಿಮ್ಮ ತಪ್ಪು ಅವನ ತಲಿ ಮ್ಯಾಲ ಹಾಕಿ ಬಂದ್ರೇನು?"

ನಾನು ಉತ್ತರ ಕೊಡಲಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಬೇಕೆಂದು ಎಚ್ಚರಿಸಿದವರು ಅವರ ಪತ್ನಿ ಲಕ್ಕಮ್ಮನವರು. ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಕೇಳುವ ಸರದಿ ಆ ಸಂಜೆ ನನ್ನದಾಗಿತ್ತು. ಮಾರಯ್ಯನವರು ತಂದದ್ದು ನಾಲ್ಕು ಹಿಡಿ ಹೆಚ್ಚಿನ ಅಕ್ಕಿ. ನಾನು ತಂದದ್ದು ಒಬ್ಬ ಬಡ ಹುಡುಗನ ಎರಡು ದಿನದ ಅನ್ನ.

ರಾತ್ರಿ ಪೂಜೆಗೆ ಕುಳಿತೆ. ಅಂಗೈಯ ಇಷ್ಟಲಿಂಗದ ನುಣುಪಾದ ಕರಿಯ ಹೊದಿಕೆಯ ಮೇಲೆ ದೀಪದ ಬೆಳಕು ಚುಕ್ಕೆಯಾಗಿ ನಿಂತಿತ್ತು. ದಿನವೂ ಅದರಲ್ಲಿ ನೆಲೆಗೊಳ್ಳುತ್ತಿದ್ದ ದೃಷ್ಟಿ ಅಂದು ನಿಲ್ಲಲಿಲ್ಲ. ಕಣ್ಣು ಮುಚ್ಚಿದರೂ ತೆರೆದರೂ ಆ ಹುಡುಗ ನನ್ನತ್ತ ನೋಡಿದ ನೋಟವೇ ಕಾಣುತ್ತಿತ್ತು. ಪೂಜೆಯನ್ನು ಮುಗಿಸಿದೆನೆಂದು ಹೇಳಲಾರೆ, ಎದ್ದೆನೆಂದಷ್ಟೇ ಹೇಳಬಲ್ಲೆ.

ಬೆಳಗಾಗುತ್ತಲೇ ಗ್ಯಾರೇಜಿಗೆ ಹೋದೆ. ಯಜಮಾನರನ್ನು ಬದಿಗೆ ಕರೆದು ಗುಟ್ಟಾಗಿ ಹೇಳೋಣವೆಂದು ಮೊದಲು ಮನಸ್ಸಾಯಿತು. ಆದರೆ ಅವಮಾನವು ಎಲ್ಲರೆದುರಿಗೆ ಆಗಿರುವಾಗ ಒಪ್ಪಿಗೆ ಗುಟ್ಟಾಗಿ ಆಗುವುದು ಯಾವ ನ್ಯಾಯ? ಕೆಲಸಗಾರರೆಲ್ಲರ ನಡುವೆ ನಿಂತು, "ಬಣ್ಣ ತಾನಾಗಿ ಎದ್ದಿಲ್ಲ. ನಾನೇ ಕಾಗದ ಹಾಕಿ ಉಜ್ಜಿದ್ದು. ಹುಡುಗನದೇನೂ ತಪ್ಪಿಲ್ಲ. ಅವನ ಪಗಾರ ಹಿಡಿಯಬೇಡಿರಿ, ಮತ್ತೆ ಬಣ್ಣ ಹೊಡೆಯುವ ಪೂರ್ತಿ ಖರ್ಚು ನನ್ನದು" ಎಂದೆ. ಧ್ವನಿ ನಡುಗುತ್ತಿತ್ತು.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಯಜಮಾನರು, "ನೀವು ಹೇಳದಿದ್ರ ನಮಗ ಗೊತ್ತಾಗ್ತಿರಲಿಲ್ಲ ಬಿಡ್ರಿ ಸರ" ಎಂದರು.

ಹುಡುಗ ಮೆಲ್ಲಗೆ, "ನನಗ ಗೊತ್ತಿತ್ರಿ. ಕಾಗದದ ಗೆರಿ ಕಂಡಿದ್ವು" ಎಂದ.

"ಮತ್ತ ನಿನ್ನೆ ಯಾಕ ಹೇಳಲಿಲ್ಲಪ?"

"ನೀವು ವಯಸ್ಸಿನಾಗ ದೊಡ್ಡವರು. ಎಲ್ಲಾರ ಮುಂದ ಹೆಂಗ ಹೇಳೂದ್ರಿ ಸರ?"

ನನ್ನ ಮಾನವನ್ನು ಅವನು ತನ್ನ ಎರಡು ದಿನದ ಪಗಾರ ಕೊಟ್ಟು ಕಾಯ್ದಿದ್ದ. ಅಂದು ನಾನು ಅವನ ಬಳಿ ಒಂದು ಸ್ಟೂಲ್ ಹಾಕಿಕೊಂಡು ಕುಳಿತೆ. ಮೂರು ದಿನ ಶಿಷ್ಯನಂತೆ ನೋಡಿದೆ. ಕಂಡು ಕೇಳಿ ಕಲಿತದ್ದನ್ನು ಬಂಧುಗಳಿಗೆ ಉಪಯೋಗವಾಗಲೆಂದು ಇಲ್ಲಿ ಹೇಳುತ್ತೇನೆ.

ಮೊದಲು ಅವನು ಗಾಯದ ಅಂಚುಗಳನ್ನು ಮೆಟ್ಟಿಲಿಲ್ಲದಂತೆ ಇಳಿಜಾರಾಗಿ ಉಜ್ಜಿದ. ನನ್ನ ಕೈಯಲ್ಲಿ ಹಾನಿ ಮಾಡಿದ ೪೦೦ನೆಯ ನಂಬರಿನ ಕಾಗದವೇ ಇಲ್ಲಿ ಅವನಿಗೆ ಸಾಧನವಾಯಿತು. ಪ್ರೈಮರ್ ಹೊಡೆದು, ಒಣಗಿಸಿ, ೮೦೦ರ ಕಾಗದದಿಂದ ನುಣುಪು ಮಾಡಿದ. ಬಣ್ಣ ಹೊಡೆಯುವ ಮುಂಚೆ ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಅಡಗಿಸಿದ. ಬಾಗಿಲನ್ನು ಒರೆಸಿ ಎಣ್ಣೆಯ ಅಂಶವನ್ನೆಲ್ಲ ತೆಗೆದ. ಕಾರಿಗೆ ಹಚ್ಚುವ ಕೆಲವು ಪಾಲಿಶುಗಳಲ್ಲಿ ಸಿಲಿಕೋನ್ ಇರುತ್ತದೆ. ಅದರ ಲೇಶ ಉಳಿದರೂ ಹೊಸ ಲೇಪವು ಅಲ್ಲಿ ನಿಲ್ಲದೆ ಸರಿದು, ಮೀನಿನ ಕಣ್ಣಿನಂತಹ ಸಣ್ಣ ಗುಳಿಗಳಾಗುತ್ತವೆ. ನೀಲಿಯನ್ನು ಗಾಯದಿಂದ ಆಚೆಗೂ ಕ್ರಮವಾಗಿ ತೆಳುವಾಗಿಸುತ್ತ ಹೋದ. ಮಿನುಗುವ ಬಣ್ಣದಲ್ಲಿರುವ ಲೋಹದ ಚೂರುಗಳು ಒಂದೊಂದು ಸಲ ಒಂದೊಂದು ರೀತಿ ಕೂಡುವುದರಿಂದ, ತೇಪೆಯಂತೆ ಒಂದೇ ಕಡೆ ಹೊಡೆದರೆ ಎದ್ದು ಕಾಣುತ್ತದೆಯಂತೆ. ಕ್ಲಿಯರನ್ನು ಮಾತ್ರ ಬಾಗಿಲಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಪೂರ್ತಿಯಾಗಿ ಹೊಡೆದ. ನಡುವೆ ನಿಲ್ಲಿಸಿದರೆ ಕೂಡಿದ ಗೆರೆಯು ಮುಂದೊಂದು ದಿನ ಎದ್ದು ಸಿಪ್ಪೆಯಾಗುತ್ತದೆ.

"ಮೊದಲ ಸಲ ಹನಿ ಯಾಕೆ ಇಳಿಯಿತು?" ಎಂದು ಕೇಳಿದೆ. ಗನ್ನನ್ನು ತೀರ ಹತ್ತಿರ ಹಿಡಿದರೆ, ಕೈ ನಿಧಾನವಾದರೆ, ಅಥವಾ ಮೊದಲಿನ ಪದರ ಆರುವ ಮುಂಚೆ ಮೇಲೊಂದು ಹೊಡೆದರೆ, ಲೇಪ ತನ್ನ ಭಾರಕ್ಕೆ ತಾನೇ ಜಾರುತ್ತದೆ. ದೂರ ಹಿಡಿದು ಒಣಒಣ ಹೊಡೆದರೆ ಕಿತ್ತಳೆಹಣ್ಣಿನ ಸಿಪ್ಪೆಯಂತೆ ಮೈಯೆಲ್ಲ ತರಿತರಿಯಾಗುತ್ತದೆ. ಒಂದು ಗೇಣಿನಷ್ಟು ಅಂತರ, ಒಂದೇ ಸಮನೆ ನಡೆಯುವ ಕೈ, ಎರಡು ಪದರಗಳ ನಡುವೆ ತಾಳ್ಮೆ, ಇವೇ ಆ ವಿದ್ಯೆಯ ಗುಟ್ಟು.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತು. ಕ್ಲಿಯರಿನಲ್ಲಿ ಬೆರೆಸುವ ಹಾರ್ಡನರಿನಲ್ಲಿ ಐಸೋಸೈನೇಟ್ ಎಂಬ ದ್ರವ್ಯವಿರುತ್ತದೆ. ಅದರ ಮಂಜು ಶ್ವಾಸಕೋಶಕ್ಕೆ ಸೇರಿದರೆ ಉಬ್ಬಸ ಬರಬಹುದು. ಆ ಹುಡುಗ ಮೂಗಿಗೆ ಕಟ್ಟಿಕೊಂಡದ್ದು ಒಂದು ಕರವಸ್ತ್ರ! ಬಟ್ಟೆಯು ಆ ವಿಷವನ್ನು ತಡೆಯಲಾರದು. ರಾಸಾಯನಿಕ ಆವಿಗೆಂದೇ ಮಾಡಿದ, ಮುಖಕ್ಕೆ ಬಿಗಿಯಾಗಿ ಕೂಡುವ ಮುಖವಾಡ ಬೇಕು. ಕೊಳವೆಯ ಮೂಲಕ ಹೊರಗಿನ ಶುದ್ಧಗಾಳಿ ಒದಗಿಸುವಂಥದು ಇನ್ನೂ ಉತ್ತಮ. ಮಧ್ಯಾಹ್ನವೇ ಪೇಟೆಗೆ ಹೋಗಿ ಅವನಿಗೊಂದು ಮುಖವಾಡ ತಂದುಕೊಟ್ಟೆ. ಇದನ್ನು ದಾನವೆಂದು ತಿಳಿಯಬಾರದು, ತೀರಿಸಬೇಕಾದ ಸಾಲದ ಒಂದು ಕಂತು. ನಿಮ್ಮ ವಾಹನಗಳಿಗೆ ಬಣ್ಣ ಹೊಡೆಯುವವರ ಮೂಗಿನತ್ತಲೂ ಒಮ್ಮೆ ನೋಡಿರೆಂದು ಬಂಧುಗಳಲ್ಲಿ ಪ್ರಾರ್ಥನೆ. ಕಾಯಕಜೀವಿಯ ಉಸಿರಿಗೆ ಕುತ್ತು ತಂದು ಪಡೆದ ಹೊಳಪು ಯಾರಿಗೆ ಶೋಭೆ ತಂದೀತು?

ಜಯಂತಿಯ ದಿನ ಕಾರು ಮೆರವಣಿಗೆಯಲ್ಲಿ ಸಾಗಿತು. ಹೊಸ ಲೇಪದ ಮೇಲೆ ಧೂಳಿನ ಎರಡು ಮೂರು ಸಣ್ಣ ಕಾಳುಗಳು ಕುಳಿತಿದ್ದವು. "ಈಗ ಇರ್ಲಿ ಸರ, ಗಟ್ಟಿ ಆಗ್ಲಿ" ಎಂದಿದ್ದ ಹುಡುಗ. ಈ ಸಲ ಕಾಯ್ದೆ. ಕಾರಿನಲ್ಲಿ ಕುಳಿತ ತಾಯಂದಿರಾಗಲಿ, ದಾರಿಯಲ್ಲಿ ಕೈಮುಗಿದವರಾಗಲಿ, ಯಾರೊಬ್ಬರೂ ಅವನ್ನು ಗಮನಿಸಲಿಲ್ಲ.

ಎರಡು ವಾರಗಳ ನಂತರ ಅವನು ಆ ಕಾಳುಗಳನ್ನು ತೆಗೆದ ರೀತಿಯನ್ನು ನೋಡಿದೆ. ಹೆಬ್ಬೆರಳಿನಷ್ಟು ಅಗಲದ ಗಟ್ಟಿಯಾದ ತುಂಡಿಗೆ ೨೦೦೦ದ ಕಾಗದವನ್ನು ಸುತ್ತಿ, ಸಾಬೂನಿನ ನೀರಿನಲ್ಲಿ ಅದ್ದಿ, ಕಾಳಿನ ನೆತ್ತಿಯನ್ನಷ್ಟೇ ನಾಲ್ಕಾರು ಸಲ ಸವರಿದ. ಬರಿಯ ಬೆರಳಿನಿಂದ ಒತ್ತಿದರೆ ಬೆರಳಿನ ಆಕಾರದಲ್ಲಿಯೇ ತಗ್ಗು ಬೀಳುತ್ತದೆ, ಆದ್ದರಿಂದ ಗಟ್ಟಿ ತುಂಡು. ಪ್ರತಿ ಸಲವೂ ಒರೆಸಿ ನೋಡುತ್ತಿದ್ದ. ಆಮೇಲೆ ೩೦೦೦ದ ಕಾಗದ, ಆಮೇಲೆ ಕಾಂಪೌಂಡ್, ಕೊನೆಗೆ ಮೃದುವಾದ ಸ್ಪಂಜಿನಿಂದ ಪಾಲಿಶ್. ಒರಟಾದ ಒಂದೊಂದು ಗೆರೆಯನ್ನೂ ಅದಕ್ಕಿಂತ ನವಿರಾದ ಗೆರೆ ಅಳಿಸುತ್ತ ಹೋಗಿ, ಕಡೆಗೆ ಗೆರೆಯೇ ಕಾಣದಂತಾಯಿತು. "ಬಟ್ಟಿಗೆ ಬಿಳೀದು ಹತ್ತಿದ್ರ ಚಿಂತಿಲ್ರಿ, ಬಣ್ಣ ಹತ್ತಿದ್ರ ಕೈ ತಗೀಬೇಕು" ಎಂದು ನಕ್ಕ. ನಾನೂ ನಕ್ಕೆ.

ಗೀರುಗಳ ವಿಷಯದಲ್ಲಿ ಅವನು ಒಂದು ಸುಲಭ ಪರೀಕ್ಷೆ ಹೇಳಿಕೊಟ್ಟ. ಉಗುರನ್ನು ಗೀರಿನ ಅಡ್ಡಲಾಗಿ ಹಗುರವಾಗಿ ಎಳೆಯಬೇಕು. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶಿನಿಂದ ಹೋಗಬಹುದು. ಸಿಕ್ಕಿಕೊಂಡರೆ ಗೀರು ಆಳವಾಗಿದೆಯೆಂದು ತಿಳಿದು, ಪೂರ್ತಿ ತೆಗೆಯುವ ಆಸೆ ಬಿಟ್ಟು ಮಂದ ಮಾಡಿಕೊಂಡು ಸುಮ್ಮನಿರಬೇಕು, ಇಲ್ಲವೆ ಮತ್ತೆ ಬಣ್ಣ ಹೊಡೆಸಬೇಕು. ಏಕೆಂದರೆ ಗೀರನ್ನು ತೆಗೆಯುವುದೆಂದರೆ ಗೀರನ್ನು ತುಂಬುವುದಲ್ಲ, ಸುತ್ತಲಿನ ಲೇಪವನ್ನೆಲ್ಲ ಗೀರಿನ ತಳದ ಮಟ್ಟಕ್ಕೆ ಇಳಿಸುವುದು. ಪ್ರತಿ ಸಲ ತಿದ್ದುವಾಗಲೂ ಕಾಯುವ ಹೊದಿಕೆ ಅಷ್ಟಷ್ಟು ಕರಗುತ್ತದೆ. ಅತಿಯಾಗಿ ತಿದ್ದಿದ ಕಾರು ಅಂದು ಕನ್ನಡಿಯಂತೆ ಹೊಳೆದರೂ, ಕೆಲವು ವರ್ಷಗಳಲ್ಲಿ ಬಿಸಿಲಿಗೆ ಬೆಳ್ಳಗಾಗಿ ಹಪ್ಪಳದಂತೆ ಏಳತೊಡಗುತ್ತದೆ. ಹಾಗೆ ಎದ್ದ ಮೇಲೆ ಪಾಲಿಶಿಗೆ ಮದ್ದಿಲ್ಲ, ಕೆಳಗಿನವರೆಗೂ ಉಜ್ಜಿ ಹೊಸದಾಗಿ ಹೊಡೆಸುವುದೊಂದೇ ದಾರಿ.

ಇನ್ನು ನನ್ನ ನಿತ್ಯವ್ರತದ ಮಾತು. ಹುಡುಗ ಟಾರ್ಚಿನ ಬೆಳಕು ಬಿಟ್ಟು ಬಾನೆಟ್ಟನ್ನು ತೋರಿಸಿದಾಗ, ಜೇಡರ ಬಲೆಯಂತೆ ಸಾವಿರಾರು ಸುತ್ತುಗೆರೆಗಳು ಕಂಡವು. ಅವೆಲ್ಲ ನನ್ನ ಒಣಬಟ್ಟೆಯ ಕೃಪೆ. ಧೂಳೆಂದರೆ ಸಣ್ಣ ಮರಳೇ ಅಲ್ಲವೆ? ಒಣಗಿದ್ದಾಗ ಒರೆಸಿದರೆ ಅದು ಉಪ್ಪುಕಾಗದದಂತೆ ಗೀರುತ್ತದೆ. ಮೊದಲು ನೀರು ಸುರಿದು ಧೂಳನ್ನು ಇಳಿಸಬೇಕು. ಎರಡು ಬಕೆಟ್ಟು ಇಟ್ಟುಕೊಂಡು, ಒಂದರಲ್ಲಿ ಸಾಬೂನಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು ಇರಬೇಕು. ಕೊಳವೆಬಾವಿಯ ಗಡಸುನೀರು ಮೈಮೇಲೆಯೇ ಒಣಗಿದರೆ ಬಿಳಿಯ ಕಲೆಗಳುಳಿಯುತ್ತವೆ, ಆದ್ದರಿಂದ ಬಿಸಿಲಿನಲ್ಲಿ ತೊಳೆಯದೆ ನೆರಳಿನಲ್ಲಿ ತೊಳೆದು ಕೂಡಲೇ ಮೆತ್ತನೆಯ ಬಟ್ಟೆಯಿಂದ ಆರಿಸಬೇಕು. ಹಕ್ಕಿಯ ಹಿಕ್ಕೆ ಬಿದ್ದರೆ ಅಂದೇ ನೆನೆಸಿ ತೆಗೆಯಬೇಕು. ಬಿಟ್ಟರೆ ಲೇಪವನ್ನು ತಿಂದು ಗುರುತು ಕೂಡಿಸುತ್ತದೆ. ಆಯುಧಪೂಜೆಯಂದು ನಾವು ಬಾನೆಟ್ಟಿನ ಮೇಲೆ ಮೂರು ಬೆರಳುಗಳಿಂದ ಒಣ ವಿಭೂತಿಯನ್ನು ಒತ್ತಿ ಎಳೆಯುತ್ತೇವೆ. ಅದನ್ನು ಗಾಜಿನ ಮೇಲೆ ಧರಿಸಿದರೂ ಭಕ್ತಿಗೆ ಕೊರತೆಯಾಗದು. ಕುಂಕುಮವನ್ನೂ ದಿನಗಟ್ಟಲೆ ಬಿಡದೆ ನೀರು ಹಾಕಿ ತೊಳೆಯುವುದು ಲೇಸು.

ಈಗ ನಮ್ಮ ಕಾರಿನ ಬಾನೆಟ್ಟಿನ ಸುತ್ತುಗೆರೆಗಳು ಹಾಗೆಯೇ ಇವೆ. ಪಾಲಿಶ್ ಮಾಡಿಸಲೇ ಎಂದು ಕೇಳಿದಾಗ ಹುಡುಗ, "ಬೆಳಕಿಗೆ ಹಿಡಿದ್ರಷ್ಟ ಕಾಣ್ತಾವ್ರಿ. ಇರೂ ಕ್ಲಿಯರ್ ಉಳಿಸ್ಕೊಳ್ರಿ" ಎಂದ. ಗಿರಾಕಿಗೆ ಕೆಲಸ ಬೇಡವೆಂದು ಹೇಳಿ ತನ್ನ ಸಂಪಾದನೆಯನ್ನೇ ಬಿಟ್ಟುಕೊಟ್ಟ ಆ ಮಾತಿನಲ್ಲಿ ನನಗೆ ಕಾಯಕದ ಅರ್ಥ ಕಂಡಿತು. ತರಗತಿಯಲ್ಲಿ ನಾನು ಕೊಟ್ಟ ವ್ಯಾಖ್ಯಾನಗಳಿಗಿಂತ ಅದು ಸ್ಪಷ್ಟವಾಗಿತ್ತು.

ಹಿಂಬಾಗಿಲಿನ ಮೇಲೆ ಈಗ ಯಾವ ಹನಿಯೂ ಇಲ್ಲ. ಆದರೂ ಬಾಗಿಲು ತೆರೆಯುವಾಗ ನನ್ನ ಕೈ ತಾನಾಗಿ ಆ ಜಾಗವನ್ನು ಮುಟ್ಟುತ್ತದೆ. ಬಣ್ಣದ ದೋಷವನ್ನು ತಿದ್ದಲು ಆ ಹುಡುಗನಿಗೆ ಮೂರು ದಿನ ಬೇಕಾಯಿತು. ನನ್ನ ದೋಷವನ್ನು ತಿದ್ದಿಕೊಳ್ಳಲು ಬೇಕಾದದ್ದು ಎಲ್ಲರೆದುರಿಗೆ ಆಡಿದ ನಾಲ್ಕು ಮಾತು. ಆ ನಾಲ್ಕು ಮಾತಿಗೆ ಒಂದು ಹಗಲು ಒಂದು ರಾತ್ರಿ ತಡವಾಯಿತಲ್ಲ ಎಂಬ ಕೊರಗು ಮಾತ್ರ ಉಳಿದಿದೆ. ಆ ರಾತ್ರಿ ನಿಲ್ಲದೆ ಹೋದ ದೃಷ್ಟಿ, ಮರುದಿನ ಸಂಜೆ ಪೂಜೆಗೆ ಕುಳಿತಾಗ, ಲಿಂಗದ ಮೇಲಣ ಬೆಳಕಿನ ಚುಕ್ಕೆಯಲ್ಲಿ ಮತ್ತೆ ನೆಲೆ ನಿಂತಿತು.